ಮನಸ್ಸು ಮತ್ತು ಆತ್ಮ: ಗೆರೆ ಬೀಳುವುದು ಎಲ್ಲಿ?

ಮನಸ್ಸಿಟ್ಟು ಓದು ಎಂದು ಮಕ್ಕಳಿಗೆ ಹೇಳುತ್ತೇವೆ. ಬೇಡದ ಕೆಲಸ ಬಂದರೆ ಅದಕ್ಕೆ ಮನಸ್ಸೇ ಬರುವುದಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ, ಮನಸ್ಸು ಕೊಟ್ಟರೆ ತಿಳಿಯುತ್ತದೆ, ಒಂದು ಬಿರುಸು ಮಾತಿಗೆ ಮನಸ್ಸು ಮುರಿಯುತ್ತದೆ. ಈ ಬಳಕೆಗಳಲ್ಲೆಲ್ಲ ಮನಸ್ಸು ನಮ್ಮ ಕೈಯಲ್ಲಿರುವ ಒಂದು ಪದಾರ್ಥ. ಇಡಬಹುದು, ಕೊಡಬಹುದು, ಮುರಿದುಕೊಳ್ಳಬಹುದು. ಆತ್ಮವನ್ನು ಕುರಿತು ನಾವು ಹೀಗೆ ಆಡುವುದಿಲ್ಲ. ಆತ್ಮವಿಟ್ಟು ಓದು ಎಂದು ಯಾವ ತಾಯಿಯೂ ಹೇಳಿದ್ದಿಲ್ಲ. ಮನಸ್ಸನ್ನು ಇಡುವವರು ಬೇರೆ, ಇಡಲ್ಪಡುವ ಮನಸ್ಸು ಬೇರೆ ಎಂಬ ತಿಳಿವಳಿಕೆ ನಮ್ಮ ದಿನದ ಮಾತಿನಲ್ಲೇ ಬೇರೂರಿದೆ.

ಭಾರತದ ಹೆಚ್ಚಿನ ದರ್ಶನಗಳ ನಿಲುವೂ ಇದೇ. ಅವುಗಳಲ್ಲಿ ಮನಸ್ಸು ಅರಿಯುವುದಕ್ಕೆ ಬೇಕಾದ ಉಪಕರಣ, ಆತ್ಮ ಅರಿಯುವ ಚೇತನ. ಆಧುನಿಕ ಯುರೋಪಿನ ತತ್ತ್ವಶಾಸ್ತ್ರ ಗೆರೆಯನ್ನು ಬೇರೆಡೆ ಎಳೆಯಿತು: ದೇಹ ಒಂದು ಕಡೆ, ಮನಸ್ಸೂ ಆತ್ಮವೂ ಒಟ್ಟಾಗಿ ಇನ್ನೊಂದು ಕಡೆ. ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಮುಂದಿನ ಪ್ರಶ್ನೆಗಳೆಲ್ಲ ಬದಲಾಗುತ್ತವೆ.

ಪದಗಳು

ಮನಸ್ಸು ಎಂಬುದು 'ಮನ್', ಅಂದರೆ ಯೋಚಿಸು, ಎಂಬ ಧಾತುವಿನಿಂದ ಬಂದ ಪದ. ಹಳಗನ್ನಡದಲ್ಲಿ ಇದಕ್ಕೆ ಸಮೀಪದ ಅಚ್ಚಗನ್ನಡ ಪದ 'ಬಗೆ'. ಆತ್ಮ ಎಂಬ ಪದದ ಹಿಂದೆ ಉಸಿರಿನ ಅರ್ಥವಿದೆ ಎಂಬುದು ಭಾಷಾತಜ್ಞರಲ್ಲಿ ಬಹಳ ಕಾಲದಿಂದ ನಡೆದುಬಂದ ಅಭಿಪ್ರಾಯ. ಆದರೆ ಸಂಸ್ಕೃತದಲ್ಲಿ ಅದು 'ತಾನು' ಎಂಬ ಸರ್ವನಾಮವಾಗಿಯೂ ಬಳಕೆಯಾಗುತ್ತದೆ, ದರ್ಶನಗಳಿಗೆ ಮುಖ್ಯವಾದದ್ದು ಆ ಅರ್ಥವೇ. ಇಂಗ್ಲಿಷಿನ 'ಸ್ಪಿರಿಟ್' ಲ್ಯಾಟಿನ್ನಿನ 'ಸ್ಪಿರಿಟಸ್'ನಿಂದ ಬಂದದ್ದು. ಅದೂ ಉಸಿರೇ. ಗ್ರೀಕಿನ 'ಪ್ನ್ಯೂಮ', ಹೀಬ್ರೂವಿನ 'ರೂಅಹ್' ಕೂಡ ಗಾಳಿ ಮತ್ತು ಉಸಿರನ್ನು ಹೇಳುವ ಪದಗಳು. 'ಜೀವ ಹೋಯಿತು', 'ಉಸಿರು ನಿಂತಿತು' ಎಂಬ ಎರಡು ಮಾತನ್ನು ಒಂದೇ ಅರ್ಥದಲ್ಲಿ ಆಡುವ ನಮಗೆ ಈ ನಂಟು ಹೊಸದೇನಲ್ಲ.

ಅನ್ನದಿಂದ ಆದ ಮನಸ್ಸು

ಮನಸ್ಸು ಆತ್ಮವಲ್ಲ ಎಂಬುದಕ್ಕೆ ಉಪನಿಷತ್ತುಗಳಲ್ಲಿ ಸಿಗುವ ಅತ್ಯಂತ ನೇರವಾದ ನಿರೂಪಣೆ ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿದೆ. ಹನ್ನೆರಡನೆಯ ವಯಸ್ಸಿಗೆ ಗುರುಕುಲಕ್ಕೆ ಹೋದ ಶ್ವೇತಕೇತು ಇಪ್ಪತ್ತನಾಲ್ಕಕ್ಕೆ ಎಲ್ಲ ವೇದ ಕಲಿತು, ಕಲಿತೆನೆಂಬ ಗರ್ವದೊಂದಿಗೆ ಮನೆಗೆ ಬರುತ್ತಾನೆ. ತಂದೆ ಉದ್ದಾಲಕ ಆರುಣಿ ಅವನಿಗೆ ಪಾಠ ಶುರು ಮಾಡುತ್ತಾನೆ. ತಿಂದ ಅನ್ನ ಮೂರು ಪಾಲಾಗುತ್ತದೆ: ಒರಟು ಪಾಲು ಮಲ, ನಡುವಿನದು ಮಾಂಸ, ಅತಿ ಸೂಕ್ಷ್ಮವಾದದ್ದು ಮನಸ್ಸು. ಮೊಸರು ಕಡೆದಾಗ ಅದರ ಸೂಕ್ಷ್ಮಾಂಶ ಬೆಣ್ಣೆಯಾಗಿ ಮೇಲೇಳುತ್ತದಲ್ಲ, ಹಾಗೆ. ಕುಡಿದ ನೀರಿನ ಸೂಕ್ಷ್ಮಾಂಶ ಪ್ರಾಣ.

ಮಗನಿಗೆ ಇದು ಮನದಟ್ಟಾಗುವುದಿಲ್ಲ. ಆಗ ತಂದೆ ವಾದಕ್ಕೆ ಇಳಿಯದೆ ಒಂದು ಪ್ರಯೋಗ ಮಾಡಿಸುತ್ತಾನೆ. ಹದಿನೈದು ದಿನ ಊಟ ಬಿಡು, ನೀರು ಬೇಕಾದಷ್ಟು ಕುಡಿ, ನೀರಿರುವ ತನಕ ಪ್ರಾಣಕ್ಕೆ ಅಪಾಯವಿಲ್ಲ ಎನ್ನುತ್ತಾನೆ. ಹದಿನೈದು ದಿನ ಕಳೆದ ಮೇಲೆ, ಋಕ್ಕು, ಯಜುಸ್ಸು, ಸಾಮಗಳನ್ನು ಹೇಳು ಎಂದರೆ ಶ್ವೇತಕೇತುವಿಗೆ ಒಂದೂ ಹೊಳೆಯುವುದಿಲ್ಲ. ಹನ್ನೆರಡು ವರ್ಷ ಕಲಿತದ್ದು ನೆನಪಿಗೆ ಬರುತ್ತಿಲ್ಲ. ಉರಿದು ಹೋದ ದೊಡ್ಡ ಬೆಂಕಿಯಲ್ಲಿ ಮಿಂಚುಹುಳುವಿನಷ್ಟು ಕೆಂಡ ಉಳಿದಂತೆ ನಿನ್ನಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದಿದೆ, ಹೋಗಿ ಊಟ ಮಾಡು ಎಂದು ತಂದೆ ಕಳಿಸುತ್ತಾನೆ. ಉಂಡು ಬಂದ ಮಗನಿಗೆ ಕೇಳಿದ್ದೆಲ್ಲ ನೆನಪಿಗೆ ಬರುತ್ತದೆ.

ಈ ಪ್ರಸಂಗವನ್ನು ನಾನು ಎಷ್ಟು ಸಲ ಓದಿದರೂ ಬೆರಗಾಗುತ್ತೇನೆ. 'ತತ್ತ್ವಮಸಿ' ಎಂಬ ಮಹಾವಾಕ್ಯ ಇದೇ ಅಧ್ಯಾಯದಲ್ಲಿ ಒಂಬತ್ತು ಸಲ ಬರುತ್ತದೆ. ಆದರೆ ಅದಕ್ಕೂ ಮೊದಲು ಉದ್ದಾಲಕ ಮಾಡುವ ಕೆಲಸ ನೆನಪು, ವಿದ್ಯೆ, ಅದರ ಗರ್ವ ಎಲ್ಲವೂ ಅನ್ನಕ್ಕೆ ಅಂಟಿಕೊಂಡಿವೆ ಎಂದು ಮಗನ ಹೊಟ್ಟೆಯ ಮೂಲಕವೇ ತೋರಿಸುವುದು. ಆ ಬಳಿಕವೇ 'ಅದು ನೀನು' ಎಂಬ ಮಾತು. ಮನಸ್ಸು ನಾನಲ್ಲ ಎಂದು ಗೊತ್ತಾಗದೆ ಆತ್ಮದ ಪಾಠ ತೊಡಗುವುದೇ ಇಲ್ಲ.

ರಥ ಮತ್ತು ಅದರ ಒಡೆಯ

ಕಠೋಪನಿಷತ್ತಿನ ರಥದ ಹೋಲಿಕೆ ಹೆಚ್ಚು ಪ್ರಸಿದ್ಧ. ದೇಹ ರಥ, ಆತ್ಮ ಅದರಲ್ಲಿ ಕುಳಿತ ಒಡೆಯ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ವಿಷಯಗಳು ಅವು ಓಡುವ ದಾರಿ. ಮನಸ್ಸಿಗೆ ಇಲ್ಲಿ ಸಾರಥಿಯ ಸ್ಥಾನವೂ ಸಿಕ್ಕಿಲ್ಲ ಎಂಬುದನ್ನು ಗಮನಿಸಬೇಕು. ಅದು ಹಗ್ಗ ಮಾತ್ರ.

ಬೃಹದಾರಣ್ಯಕ ಮನಸ್ಸಿನ ಪಟ್ಟಿಯನ್ನು ಹಿಗ್ಗಿಸುತ್ತದೆ. ಬಯಕೆ, ಸಂಕಲ್ಪ, ಸಂಶಯ, ನಂಬಿಕೆ, ಅಪನಂಬಿಕೆ, ಧೈರ್ಯ, ಅಧೈರ್ಯ, ನಾಚಿಕೆ, ತಿಳಿವು, ಭಯ ಎಲ್ಲವೂ ಮನಸ್ಸೇ ಎನ್ನುತ್ತದೆ. 'ನನ್ನ ಮನಸ್ಸು ಬೇರೆಲ್ಲೋ ಇತ್ತು, ಹಾಗಾಗಿ ನೋಡಲಿಲ್ಲ' ಎಂಬ ಸಾಮಾನ್ಯರ ಅನುಭವವನ್ನೇ ಅದು ಸಾಕ್ಷ್ಯವಾಗಿ ಕೊಡುತ್ತದೆ. ಕಣ್ಣು ತೆರೆದಿದೆ, ವಸ್ತು ಎದುರಿಗಿದೆ, ಆದರೂ ಕಾಣಲಿಲ್ಲ. ನಡುವೆ ಇನ್ನೇನೋ ಬೇಕು. ಅದೇ ಮನಸ್ಸು.

ಚಕ್ಕುಲಿಯ ಚರ್ಚೆ

ಈ ಅನುಭವವನ್ನು ತರ್ಕದ ಬಿಗಿಗೆ ತಂದವರು ನೈಯಾಯಿಕರು. ಗೌತಮನ ನ್ಯಾಯಸೂತ್ರ ಮನಸ್ಸಿಗೆ ಕೊಡುವ ಪುರಾವೆ ಒಂದೇ: ಹಲವು ಜ್ಞಾನಗಳು ಒಟ್ಟಿಗೆ ಹುಟ್ಟುವುದಿಲ್ಲ. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಐದೂ ತಮ್ಮ ತಮ್ಮ ವಿಷಯಕ್ಕೆ ತಾಗಿಯೇ ಇರುತ್ತವೆ. ಆತ್ಮವಂತೂ ಅವರ ಮತದಲ್ಲಿ ಎಲ್ಲೆಡೆ ವ್ಯಾಪಿಸಿದ್ದು. ಹಾಗಿದ್ದರೂ ಐದು ಜ್ಞಾನಗಳು ಒಮ್ಮೆಗೇ ಆಗದಿರುವುದಕ್ಕೆ ಕಾರಣ, ಆತ್ಮಕ್ಕೂ ಇಂದ್ರಿಯಗಳಿಗೂ ನಡುವೆ ಅಣುವಿನಷ್ಟು ಗಾತ್ರದ ಮನಸ್ಸು ಇರುವುದು. ಅದು ಒಂದು ಸಲಕ್ಕೆ ಒಂದೇ ಇಂದ್ರಿಯವನ್ನು ಮುಟ್ಟಬಲ್ಲದು.

ಎದುರಾಳಿ ಒಂದು ತಿಂಡಿಯನ್ನು ಮುಂದಿಡುತ್ತಾನೆ. ದೊಡ್ಡದೊಂದು ಶಷ್ಕುಲಿ ತಿನ್ನುತ್ತಿದ್ದೇನೆ. ಅದರ ಬಣ್ಣ ಕಾಣುತ್ತದೆ, ಕಡಿದ ಸದ್ದು ಕೇಳುತ್ತದೆ, ಪರಿಮಳ, ರುಚಿ, ಗರಿಗರಿ ಸ್ಪರ್ಶ ಎಲ್ಲವೂ ಒಟ್ಟಿಗೇ ಬರುತ್ತವೆ. ನಿಮ್ಮ ಅಣು ಮನಸ್ಸು ಎಲ್ಲಿ ಹೋಯಿತು? ಶಷ್ಕುಲಿ ಎಂದರೆ ನಮ್ಮ ಚಕ್ಕುಲಿ. ಕನ್ನಡದ ಪದ ಬಂದದ್ದೇ ಅದರಿಂದ. ನೈಯಾಯಿಕರ ಉತ್ತರ: ನೂರು ತಾವರೆ ಎಸಳುಗಳನ್ನು ಒಂದರ ಮೇಲೊಂದು ಜೋಡಿಸಿ ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಲೇ ತೂತಾದಂತೆ ತೋರುತ್ತದೆ, ನಿಜವಾಗಿ ಸೂಜಿ ಒಂದೊಂದನ್ನೇ ದಾಟಿ ಹೋಗಿರುತ್ತದೆ. ಗಿರಗಿರನೆ ತಿರುಗಿಸಿದ ಕೊಳ್ಳಿ ಬೆಂಕಿಯ ಬಳೆಯಾಗಿ ಕಾಣುವುದೂ ಹೀಗೆಯೇ. ಮನಸ್ಸಿನ ಓಡಾಟ ಅಷ್ಟು ವೇಗದ್ದು.

ನೈಯಾಯಿಕರ ಜೊತೆಗಾರರಾದ ವೈಶೇಷಿಕರು ಲೋಕವನ್ನು ಒಂಬತ್ತು ದ್ರವ್ಯಗಳಾಗಿ ಎಣಿಸುತ್ತಾರೆ: ಭೂಮಿ, ನೀರು, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಆತ್ಮ ಮತ್ತು ಮನಸ್ಸು ಇಲ್ಲಿ ಎರಡು ಪ್ರತ್ಯೇಕ ದ್ರವ್ಯಗಳು. ಜ್ಞಾನ ಎಂಬುದು ಆತ್ಮದ ಗುಣ, ಆದರೆ ಮನಸ್ಸಿನ ಸಂಪರ್ಕವಾದಾಗ ಮಾತ್ರ ಹುಟ್ಟುವ ಗುಣ. ಹಾಗಾಗಿ ಮೋಕ್ಷದಲ್ಲಿ ಮನಸ್ಸಿನಿಂದ ಬಿಡಿಸಿಕೊಂಡ ಆತ್ಮಕ್ಕೆ ಸುಖ ದುಃಖ ಇಲ್ಲ, ಅರಿವೂ ಇಲ್ಲ. ಇದು ಕಲ್ಲಿನ ಸ್ಥಿತಿಯಲ್ಲವೇ ಎಂದು ಉಳಿದ ದರ್ಶನದವರು ಆಕ್ಷೇಪಿಸಿದರು. ನನಗೂ ಆ ಆಕ್ಷೇಪ ಸರಿಯೆನಿಸುತ್ತದೆ. ಆದರೆ ಮನಸ್ಸಿನ ಬಗ್ಗೆ ಇವರು ಎತ್ತಿದ ಪ್ರಶ್ನೆಯ ಹರಿತ ಇದರಿಂದ ಕಡಿಮೆಯಾಗುವುದಿಲ್ಲ.

ಸಾಂಖ್ಯ: ಕಂದಾಯ ಮೇಲಕ್ಕೆ ಹೋಗುವ ದಾರಿ

ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಇಪ್ಪತ್ತೈದು ತತ್ತ್ವಗಳು. ಅವುಗಳಲ್ಲಿ ಪುರುಷ, ಅಂದರೆ ಆತ್ಮ, ಒಂದೇ ಚೇತನ, ಉಳಿದ ಇಪ್ಪತ್ತನಾಲ್ಕೂ ಪ್ರಕೃತಿ ಮತ್ತು ಅದರಿಂದ ಬಂದವು. ಬುದ್ಧಿ, ಅಹಂಕಾರ, ಮನಸ್ಸು ಮೂರೂ ಈ ಇಪ್ಪತ್ತನಾಲ್ಕರೊಳಗೆ, ಕಲ್ಲು ಮಣ್ಣುಗಳ ಪಕ್ಕದಲ್ಲೇ ಬೀಳುತ್ತವೆ. ಸೂಕ್ಷ್ಮ ನಿಜ, ಆದರೆ ಜಡ. ವಾಚಸ್ಪತಿ ಮಿಶ್ರ ಇದನ್ನು ಕಂದಾಯ ವಸೂಲಿಗೆ ಹೋಲಿಸುತ್ತಾನೆ: ಊರ ಗೌಡ ಒಕ್ಕಲುಗಳಿಂದ ತೆರಿಗೆ ಎತ್ತಿ ನಾಡಿನ ಅಧಿಕಾರಿಗೆ ಕೊಡುತ್ತಾನೆ, ಅವನು ಸರ್ವಾಧಿಕಾರಿಗೆ, ಸರ್ವಾಧಿಕಾರಿ ದೊರೆಗೆ. ಹಾಗೆಯೇ ಇಂದ್ರಿಯಗಳು ತಂದದ್ದನ್ನು ಮನಸ್ಸು, ಅಹಂಕಾರ, ಬುದ್ಧಿ ಒಂದರಿಂದೊಂದು ಪಡೆದು ಪುರುಷನ ಮುಂದಿಡುತ್ತವೆ. ಪುರುಷ ಬರಿಯ ಸಾಕ್ಷಿ, ಏನನ್ನೂ ಮಾಡುವವನಲ್ಲ. ಪತಂಜಲಿಯ ಯೋಗಸೂತ್ರ ಈ ಚೌಕಟ್ಟನ್ನೇ ಒಪ್ಪಿ, ಚಿತ್ತದ ವೃತ್ತಿಗಳು ನಿಂತಾಗ ನೋಡುವವನು ತನ್ನ ಸ್ವರೂಪದಲ್ಲಿ ನೆಲೆಸುತ್ತಾನೆ ಎಂದು ಸಾಧನೆಯ ದಾರಿ ಹೇಳುತ್ತದೆ. ಆ ವೃತ್ತಿಗಳು ಐದು: ಪ್ರಮಾಣ (ಸರಿಯಾದ ಅರಿವು), ವಿಪರ್ಯಯ (ತಪ್ಪು ಅರಿವು), ವಿಕಲ್ಪ (ಬರಿ ಮಾತಿನ ಕಲ್ಪನೆ), ನಿದ್ರೆ, ಸ್ಮೃತಿ. ನಿದ್ರೆಯನ್ನೂ ಚಿತ್ತದ ಒಂದು ಕೆಲಸವೆಂದು ಎಣಿಸಿದ್ದು ವಿಶೇಷ.

ಏನನ್ನೂ ಮಾಡದ ಪುರುಷನಿಗೂ ಎಲ್ಲವನ್ನೂ ಮಾಡುವ ಪ್ರಕೃತಿಗೂ ಸಂಬಂಧ ಹೇಗೆ? ಕುಂಟ ಮತ್ತು ಕುರುಡ ಜೊತೆಯಾಗಿ ದಾರಿ ಸಾಗಿದಂತೆ ಎಂದು ಕಾರಿಕೆ ಹೇಳುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ಹೋಲಿಕೆಯನ್ನು ಹಿಡಿದು ಕೇಳುತ್ತಾರೆ: ಕುಂಟನು ಬಾಯಿಂದಾದರೂ ದಾರಿ ಹೇಳಬಲ್ಲ, ನಿಮ್ಮ ಪುರುಷನಿಗೆ ಯಾವ ಕ್ರಿಯೆಯೂ ಇಲ್ಲವಲ್ಲ, ಅವನು ಪ್ರಕೃತಿಯನ್ನು ಹೇಗೆ ನಡೆಸುತ್ತಾನೆ? ಈ ಪ್ರಶ್ನೆಯನ್ನು ನೆನಪಿಡಿ. ಯುರೋಪಿನಲ್ಲಿ ಇದು ಇನ್ನೊಬ್ಬರ ಬಾಯಲ್ಲಿ ಮತ್ತೆ ಬರುತ್ತದೆ.

ಆತ್ಮವನ್ನು ಒಪ್ಪದವರು, ಬೇರೆಯಾಗಿ ಒಪ್ಪಿದವರು

ಚಾರ್ವಾಕರು ಗೆರೆಯನ್ನೇ ಅಳಿಸಿದರು. ಹುದುಗು ಬಂದಾಗ ಧಾನ್ಯದಲ್ಲಿ ಮದ ಹುಟ್ಟುವಂತೆ ಭೂತಗಳ ಕೂಡುವಿಕೆಯಿಂದ ಚೈತನ್ಯ ಹುಟ್ಟುತ್ತದೆ, ದೇಹದೊಂದಿಗೆ ಅಳಿಯುತ್ತದೆ ಎಂದರು.

ಬೌದ್ಧರ ದಾರಿ ಬೇರೆ. ಅವರು ಆತ್ಮವನ್ನು ಬಿಟ್ಟರು, ಆದರೆ ಮನಸ್ಸನ್ನು ಅವರಷ್ಟು ಬಿಡಿಸಿ ನೋಡಿದವರು ಇಲ್ಲ. ಥೇರವಾದದ ಅಭಿಧಮ್ಮ ಸಂಪ್ರದಾಯ 89 ಬಗೆಯ ಚಿತ್ತಗಳನ್ನೂ ಅವುಗಳ ಜೊತೆ ಹುಟ್ಟುವ 52 ಚೈತಸಿಕಗಳನ್ನೂ ಎಣಿಸುತ್ತದೆ. ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ಅವನು ಬಂದ ರಥದ ಬಗ್ಗೆಯೇ ಕೇಳುತ್ತಾನೆ. ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ, ಬಿಡಿಭಾಗಗಳು ಕೂಡಿದಾಗ ಇಟ್ಟುಕೊಂಡ ಹೆಸರು ರಥ. 'ನಾನು' ಎಂಬುದೂ ಅಂಥ ಹೆಸರು. ಕಠೋಪನಿಷತ್ತಿನ ರಥದಲ್ಲಿ ಒಡೆಯನಿದ್ದ, ನಾಗಸೇನನ ರಥದಲ್ಲಿ ಒಡೆಯನಿಲ್ಲ. ಭಾರತೀಯ ಚಿಂತನೆಯ ದೊಡ್ಡ ವಾಗ್ವಾದವೊಂದು ಈ ಎರಡು ರಥಗಳ ನಡುವೆ ನಡೆಯಿತು ಎನ್ನಬಹುದು.

ಜೈನರಲ್ಲಿ ಜೀವ ಉಂಟು, ಅದು ತಾನಿರುವ ದೇಹದಷ್ಟೇ ಗಾತ್ರದ್ದು, ಅರಿವು ಅದರ ಲಕ್ಷಣ. ಮನಸ್ಸು ಎರಡು ಬಗೆ: ಪುದ್ಗಲ ಎಂಬ ಜಡದ್ರವ್ಯದಿಂದ ಆದ ದ್ರವ್ಯಮನಸ್ಸು, ಜೀವದ ಪರಿಣಾಮವಾದ ಭಾವಮನಸ್ಸು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಸಂಸಾರಿ ಜೀವಗಳನ್ನು ಸಮನಸ್ಕ, ಅಮನಸ್ಕ ಎಂದು ವಿಂಗಡಿಸುತ್ತದೆ. ಕನ್ನಡ ನಾಡಿನ ಜೈನ ಪರಂಪರೆ ಗೌರವದಿಂದ ನೆನೆಯುವ ಪೂಜ್ಯಪಾದರು ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದರು. ಮನಸ್ಸಿಲ್ಲದೆಯೂ ಜೀವವಿರುತ್ತದೆ, ಆದ್ದರಿಂದ ಹುಳುವಿನ ನೋವೂ ನೋವೇ ಎಂಬ ಜೈನ ಅಹಿಂಸೆಯ ನಿಲುವಿಗೆ ಈ ವಿಂಗಡಣೆಯ ಬೆಂಬಲವಿದೆ.

ವೇದಾಂತದಲ್ಲಿ ಸಾಕ್ಷಿ

ಅದ್ವೈತದಲ್ಲಿ ಅಂತಃಕರಣ ಒಂದೇ, ಕೆಲಸದಿಂದ ಅದಕ್ಕೆ ನಾಲ್ಕು ಹೆಸರು. ಹೌದೋ ಅಲ್ಲವೋ ಎಂದು ತೂಗಾಡುವಾಗ ಮನಸ್ಸು, ನಿಶ್ಚಯಿಸಿದಾಗ ಬುದ್ಧಿ, ನಾನೆಂದಾಗ ಅಹಂಕಾರ, ನೆನೆದಾಗ ಚಿತ್ತ. ಇದರ ಗುಣಗಳನ್ನು ಆತ್ಮದ ಮೇಲೂ, ಆತ್ಮದ ಅರಿವನ್ನು ಇದರ ಮೇಲೂ ಹೇರಿಕೊಳ್ಳುವುದೇ ಅಧ್ಯಾಸ. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರು ಪಂಚದಶಿಯ ನಾಟಕದೀಪ ಪ್ರಕರಣದಲ್ಲಿ ಕೊಡುವ ಹೋಲಿಕೆ ಇದನ್ನು ಸುಲಭವಾಗಿ ಕಾಣಿಸುತ್ತದೆ. ನೃತ್ಯಶಾಲೆಯಲ್ಲಿ ಹಚ್ಚಿಟ್ಟ ದೀಪ ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ತೆರನಾಗಿ ಬೆಳಗುತ್ತದೆ. ಎಲ್ಲರೂ ಎದ್ದು ಹೋದ ಮೇಲೂ ಉರಿಯುತ್ತದೆ. ಅಹಂಕಾರ ಆ ಯಜಮಾನ, ವಿಷಯಗಳು ಸಭಿಕರು, ಬುದ್ಧಿ ನರ್ತಕಿ, ಇಂದ್ರಿಯಗಳು ತಾಳ ಹಿಡಿದವರು. ಸಾಕ್ಷಿ ದೀಪ.

ರಾಮಾನುಜರಲ್ಲಿ ದೀಪವೇ ಇನ್ನೊಂದು ಬಗೆಯಲ್ಲಿ ಬರುತ್ತದೆ. ಆತ್ಮ ದೀಪದ ಕುಡಿಯಂತೆ ಅಣು, ಅದರ ಜ್ಞಾನ ಬೆಳಕಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮನಸ್ಸು ಮತ್ತು ಇಂದ್ರಿಯಗಳು ಆ ಬೆಳಕು ಹೊರಬರುವ ಕಿಂಡಿಗಳು.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಸಾಕ್ಷಿಯ ವಿಚಾರಕ್ಕೆ ಕೊಟ್ಟ ತಿರುವು ಭಾರತೀಯ ಜ್ಞಾನಮೀಮಾಂಸೆಯಲ್ಲೇ ಅಪರೂಪದ್ದು. ಅವರ ಪ್ರಕಾರ ಪ್ರತ್ಯಕ್ಷ ಏಳು ಬಗೆ: ಐದು ಇಂದ್ರಿಯಗಳದ್ದು, ಮನಸ್ಸಿನದ್ದು, ಸಾಕ್ಷಿಯದ್ದು. ಮನಸ್ಸು ಪ್ರಕೃತಿಯಿಂದ ಬಂದ ಹೊರ ಉಪಕರಣ, ತಪ್ಪಬಹುದು. ಸಾಕ್ಷಿ ಜೀವದ ಸ್ವರೂಪವೇ ಆದ ಇಂದ್ರಿಯ, ಅದು ತಪ್ಪುವುದಿಲ್ಲ. ಮಬ್ಬಿನಲ್ಲಿ ಕಂಡದ್ದು ಹಾವೋ ಹಗ್ಗವೋ ಎಂಬ ಸಂಶಯ ಬರುತ್ತದೆ. ಹೊಟ್ಟೆನೋವು ಬಂದವನಿಗೆ ನನಗೆ ನೋವಿದೆಯೋ ಇಲ್ಲವೋ ಎಂಬ ಸಂಶಯ ಬರುವುದಿಲ್ಲ. ಮೊದಲನೆಯದು ಮನಸ್ಸಿನ ವ್ಯವಹಾರ, ಎರಡನೆಯದು ಸಾಕ್ಷಿಯದು. ಒಂದು ಜ್ಞಾನವನ್ನು ಇನ್ನೊಂದರಿಂದ, ಅದನ್ನು ಮತ್ತೊಂದರಿಂದ ಪರೀಕ್ಷಿಸುತ್ತ ಹೋದರೆ ಕೊನೆಯೇ ಇಲ್ಲ. ಎಲ್ಲೋ ಒಂದು ಕಡೆ 'ಇದು ಸರಿ' ಎಂದು ನಿಲ್ಲಿಸುವ ಅರಿವು ನಮ್ಮೊಳಗೆ ಇರಲೇಬೇಕು, ಅದೇ ಸಾಕ್ಷಿ. ಕನ್ನಡದಲ್ಲಿ ಆತ್ಮಸಾಕ್ಷಿ, ಮನಸ್ಸಾಕ್ಷಿ ಎಂಬ ಎರಡು ಪದಗಳನ್ನು ಒಂದೇ ಅರ್ಥಕ್ಕೆ ಬಳಸುತ್ತೇವೆ. ಮಧ್ವರ ಲೆಕ್ಕದಲ್ಲಿ ಮೊದಲನೆಯದು ಮಾತ್ರ ಸರಿಯಾದೀತು.

ಶರಣರಲ್ಲಿ ಕೈಯಾದ ಮನಸ್ಸು

ಹನ್ನೆರಡನೆಯ ಶತಮಾನದ ಶರಣರೂ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಿದ್ದಾರೆ. ಆದರೆ ಅದನ್ನು ಕಳಚಿ ಎಸೆಯುವುದು ಅವರ ಗುರಿಯಲ್ಲ. ಷಟ್‌ಸ್ಥಲ ಸಿದ್ಧಾಂತದಲ್ಲಿ ಪ್ರತಿ ಸ್ಥಲಕ್ಕೂ ಲಿಂಗಕ್ಕೆ ಅರ್ಪಿಸುವ ಒಂದೊಂದು ಹಸ್ತವಿದೆ: ಭಕ್ತನಿಗೆ ಸುಚಿತ್ತ, ಮಹೇಶನಿಗೆ ಸುಬುದ್ಧಿ, ಪ್ರಸಾದಿಗೆ ನಿರಹಂಕಾರ, ಪ್ರಾಣಲಿಂಗಿಗೆ ಸುಮನ, ಶರಣನಿಗೆ ಸುಜ್ಞಾನ, ಐಕ್ಯನಿಗೆ ಸದ್ಭಾವ. ವೇದಾಂತ ಆತ್ಮದಿಂದ ಬೇರ್ಪಡಿಸಿದ ಚಿತ್ತ, ಬುದ್ಧಿ, ಅಹಂಕಾರ, ಮನಸ್ಸುಗಳೇ ಇಲ್ಲಿ ಹಸನಾಗಿ ಅರ್ಪಣೆಯ ಕೈಗಳಾಗುತ್ತವೆ. ಅಂಗ ಮತ್ತು ಲಿಂಗದ ಸಾಮರಸ್ಯ ಎಂದಾಗ ಅಂಗದೊಳಗೆ ಮನಸ್ಸೂ ಸೇರಿದೆ. ಮನಸ್ಸನ್ನು ಹಗೆಯಂತೆ ಕಾಣದ ಈ ನಿಲುವು ನನಗೆ ಬಹಳ ಮಾನವೀಯವಾಗಿ ತೋರುತ್ತದೆ.

ಯುರೋಪು ಎಳೆದ ಗೆರೆ

ಪ್ಲೇಟೋ ಕೂಡ 'ಫೀಡ್ರಸ್' ಸಂವಾದದಲ್ಲಿ ಆತ್ಮವನ್ನು ರಥಕ್ಕೆ ಹೋಲಿಸಿದ್ದಾನೆ. ಆದರೆ ಅವನಲ್ಲಿ ಸಾರಥಿ ಮತ್ತು ಎರಡು ಕುದುರೆಗಳು ಮೂರೂ ಸೇರಿ ಆತ್ಮ. ವಿಚಾರ, ರೋಷ, ಬಯಕೆಗಳು ಆತ್ಮದ ಒಳಗಿನವೇ ಆದವು, ಉಪನಿಷತ್ತಿನಂತೆ ಹೊರಗಿನ ಸಲಕರಣೆಗಳಾಗಲಿಲ್ಲ. ಅರಿಸ್ಟಾಟಲ್ ಆತ್ಮವನ್ನು ಜೀವಂತ ದೇಹದ ರೂಪ ಎಂದ: ಕಣ್ಣು ಒಂದು ಪ್ರಾಣಿಯಾಗಿದ್ದರೆ ನೋಟ ಅದರ ಆತ್ಮ. ಹೊಸ ಒಡಂಬಡಿಕೆಯಲ್ಲಿ ಪೌಲನು ಆತ್ಮ, ಪ್ರಾಣ, ಶರೀರ ಎಂಬ ಮೂರನ್ನು ಹೇಳುತ್ತಾನೆ.

1641ರಲ್ಲಿ ಪ್ರಕಟವಾದ ರೆನೆ ಡೆಕಾರ್ಟನ 'ಧ್ಯಾನಗಳು' ಗ್ರಂಥದಿಂದ ಚರ್ಚೆ ಹೊಸ ರೂಪ ಪಡೆಯಿತು. ಅವನ ಪ್ರಕಾರ ಎರಡೇ ಬಗೆಯ ವಸ್ತುಗಳು: ಜಾಗವನ್ನು ಆವರಿಸುವ ದೇಹ, ಯೋಚಿಸುವ ಮನಸ್ಸು. ಮನಸ್ಸು ಎಂದರೂ ಆತ್ಮ ಎಂದರೂ ಅವನಿಗೆ ಒಂದೇ. ಪ್ರಾಣಿಗಳಿಗೆ ಅದು ಇಲ್ಲವಾದ್ದರಿಂದ ಅವು ಯಂತ್ರಗಳು ಎಂಬ ತೀರ್ಮಾನಕ್ಕೂ ಬಂದ. ಸಮನಸ್ಕ ಅಮನಸ್ಕ ಎಂದು ಹುಳುವಿನಲ್ಲೂ ಜೀವ ಕಂಡ ಜೈನರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಗೆರೆ ಎಲ್ಲಿ ಬಿತ್ತೆಂಬುದು ಎಷ್ಟು ದೊಡ್ಡ ವಿಷಯ ಎಂದು ಗೊತ್ತಾಗುತ್ತದೆ.

1643ರ ಮೇ ತಿಂಗಳಲ್ಲಿ ಬೊಹೀಮಿಯದ ರಾಜಕುಮಾರಿ ಎಲಿಜಬೆತ್ ಡೆಕಾರ್ಟನಿಗೆ ಪತ್ರ ಬರೆದು ಕೇಳಿದಳು: ಜಾಗವನ್ನೇ ಆವರಿಸದ ಆತ್ಮ ದೇಹವನ್ನು ತಳ್ಳುವುದು ಹೇಗೆ? ಇದು ಶಂಕರರು ಸಾಂಖ್ಯರಿಗೆ ಹಾಕಿದ ಪ್ರಶ್ನೆಯೇ, ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ, ಬೇರೆ ಗೆರೆಯ ಮೇಲೆ. ಡೆಕಾರ್ಟ್ 1649ರ ತನ್ನ ಗ್ರಂಥದಲ್ಲಿ ಮೆದುಳಿನ ನಡುವಿನ ಪೀನಿಯಲ್ ಗ್ರಂಥಿಯನ್ನು ಎರಡರ ಸಂಧಿಸ್ಥಾನವಾಗಿ ತೋರಿಸಿದ, ಆದರೆ ಅದು ಎಲ್ಲಿ ಎಂಬುದಕ್ಕೆ ಉತ್ತರವಾಯಿತೇ ಹೊರತು ಹೇಗೆ ಎಂಬುದಕ್ಕಲ್ಲ. 1949ರಲ್ಲಿ ಗಿಲ್ಬರ್ಟ್ ರೈಲ್ ಈ ಇಡೀ ಚಿತ್ರವನ್ನು ಯಂತ್ರದೊಳಗಿನ ಭೂತ ಎಂದು ತಳ್ಳಿಹಾಕಿದ.

ಮನಸ್ಸು, ಆತ್ಮ ಎರಡೂ ಗೆರೆಯ ಒಂದೇ ಬದಿಗೆ ಬಿದ್ದದ್ದರ ಗೊಂದಲಕ್ಕೆ ಜರ್ಮನ್ನಿನ 'ಗೈಸ್ಟ್' ಎಂಬ ಪದ ಒಳ್ಳೆಯ ಉದಾಹರಣೆ. ಹೆಗೆಲ್ 1807ರಲ್ಲಿ ಪ್ರಕಟಿಸಿದ ಮಹಾಗ್ರಂಥದ ಹೆಸರಿನಲ್ಲೇ ಆ ಪದವಿದೆ. ಅದನ್ನು ಇಂಗ್ಲಿಷಿಗೆ ತಂದ ಬೇಯ್ಲಿ 1910ರಲ್ಲಿ 'ಮೈಂಡ್' ಎಂದ, ಮಿಲ್ಲರ್ 1977ರಲ್ಲಿ 'ಸ್ಪಿರಿಟ್' ಎಂದ. ಪುಸ್ತಕ ಒಂದೇ, ಹೆಸರಿನಲ್ಲಿ ಒಮ್ಮೆ ಮನಸ್ಸು, ಒಮ್ಮೆ ಆತ್ಮ.

ಮೆದುಳಿನ ಕಾಲದಲ್ಲಿ

ನೆನಪು, ಗಮನ, ಭಯ, ನಿರ್ಧಾರ ಇವೆಲ್ಲ ಮೆದುಳಿನ ಕೆಲಸಕ್ಕೆ ಹೇಗೆ ಅಂಟಿಕೊಂಡಿವೆ ಎಂದು ಇಂದು ವಿಜ್ಞಾನ ಒಂದೊಂದಾಗಿ ತೋರಿಸುತ್ತಿದೆ. ಡೆಕಾರ್ಟನ ಮತಕ್ಕೆ ಇದು ದೊಡ್ಡ ಪೆಟ್ಟು. ಮನಸ್ಸು ಜಡವೆಂದೇ ಹೇಳಿದ ಸಾಂಖ್ಯಕ್ಕೆ, ಅನ್ನದಿಂದ ಆದದ್ದೆಂದ ಉದ್ದಾಲಕನಿಗೆ ಅಷ್ಟು ಪೆಟ್ಟಿಲ್ಲ. ಹಾಗೆಂದು ಉಪನಿಷತ್ತಿನಲ್ಲಿ ಇಂದಿನ ನರವಿಜ್ಞಾನವಿತ್ತು ಎನ್ನುವುದು ತಪ್ಪು. ಅಲ್ಲಿರುವುದು ತಾತ್ತ್ವಿಕ ವಿವೇಚನೆ. 1995ರಲ್ಲಿ ಡೇವಿಡ್ ಚಾಮರ್ಸ್ ಎಂಬ ತತ್ತ್ವಶಾಸ್ತ್ರಜ್ಞ ಪ್ರಶ್ನೆಗಳನ್ನು ಎರಡಾಗಿ ಒಡೆದ. ಮೆದುಳು ಮಾಹಿತಿಯನ್ನು ಹೇಗೆ ಸಂಸ್ಕರಿಸುತ್ತದೆ ಎಂಬುದು ಸುಲಭದ ಪ್ರಶ್ನೆ. ಆ ಸಂಸ್ಕರಣೆಗೆ ಅನುಭವ ಎಂಬುದೊಂದು ಯಾಕೆ ಜೊತೆಯಾಗುತ್ತದೆ ಎಂಬುದು ಕಠಿಣ ಪ್ರಶ್ನೆ. ಮೊದಲನೆಯದನ್ನು ಅಂತಃಕರಣದ ಪ್ರಶ್ನೆ, ಎರಡನೆಯದನ್ನು ಸಾಕ್ಷಿಯ ಪ್ರಶ್ನೆ ಎಂದು ಓದಿಕೊಂಡರೆ ನಮ್ಮ ದರ್ಶನಗಳ ಗೆರೆಯ ಹತ್ತಿರಕ್ಕೇ ಬರುತ್ತೇವೆ. ಅಲ್ಲಿ ಒಡೆಯನಿದ್ದಾನೆ ಎಂದು ಕಠೋಪನಿಷತ್ತು, ಇಲ್ಲ ಎಂದು ನಾಗಸೇನ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಈ ವಿಷಯ ಓದಲು ತೊಡಗುವವರಲ್ಲಿ ಒಂದು ಮಾತು. ಇಂಗ್ಲಿಷ್ ಪುಸ್ತಕದಲ್ಲಿ 'ಮೈಂಡ್' ಕಂಡೊಡನೆ ಮನಸ್ಸು ಎಂದು ಬರೆದುಕೊಂಡು ಮುಂದೆ ಹೋಗಬೇಡಿ, ಆ ಲೇಖಕ ಗೆರೆಯನ್ನು ಎಲ್ಲಿ ಎಳೆದಿದ್ದಾನೆಂದು ಮೊದಲು ನೋಡಿ. ದರ್ಶನಗಳ ಒಟ್ಟು ನಕ್ಷೆ ಬೇಕಾದರೆ ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಬರೆದ ಭಾರತೀಯ ತತ್ತ್ವಶಾಸ್ತ್ರದ ಗ್ರಂಥ ಇಂದಿಗೂ ನಂಬಬಹುದಾದದ್ದು. ಮೂಲದಿಂದಲೇ ಶುರು ಮಾಡುವ ಆಸೆಯಿದ್ದರೆ ಛಾಂದೋಗ್ಯದ ಆರನೆಯ ಅಧ್ಯಾಯವನ್ನು ಕೈಗೆತ್ತಿಕೊಳ್ಳಿ, 'ತತ್ತ್ವಮಸಿ'ಗೆ ನೇರ ಜಿಗಿಯದೆ ಶ್ವೇತಕೇತುವಿನ ಹದಿನೈದು ದಿನದ ಉಪವಾಸವನ್ನು ಮೊದಲು ಓದಿ.